ಅಮಾವಾಸ್ಯೆಯ ದಿನ ಏರುತ್ತಿದ್ದ ವೋಲ್ಟು

ಆ ಯಂತ್ರ ಸದ್ದು ಮಾಡುತ್ತಿರಲಿಲ್ಲ. ನನ್ನ ಕಷ್ಟ ಶುರುವಾದದ್ದೇ ಅಲ್ಲಿಂದ.

ಡೀಸೆಲ್ ಎಂಜಿನ್ನಿಗೆ ಬಾಯಿ ಇರುತ್ತದೆ. ನಾಜಲ್ ಕಟ್ಟಿಕೊಂಡರೆ ಕೆಮ್ಮುತ್ತದೆ, ಬೇರಿಂಗ್ ಸವೆದರೆ ಗೊಣಗುತ್ತದೆ, ಆಯಿಲ್ ಕಡಿಮೆಯಾದರೆ ಹಲ್ಲು ಕಡಿಯುತ್ತದೆ. ದಾವಣಗೆರೆಯ ಎಷ್ಟೋ ಆಸ್ಪತ್ರೆಗಳ ಜನರೇಟರುಗಳನ್ನು ನಾನು ಶೆಡ್ಡಿನ ಹೊರಗೆ ನಿಂತು ಕಿವಿಯಿಂದಲೇ ಪರೀಕ್ಷೆ ಮಾಡಿದವನು. ಆ ಜಂಬ ಇದ್ದದ್ದಕ್ಕೇ ಇರಬೇಕು, ಹೈಡ್ರೋಜನ್ ಕಂಪನಿಯವರು ಆರು ವಾರ ತರಬೇತಿ ಕೊಟ್ಟು ‘ಇನ್ನು ಮೇಲೆ ನೀನು ಫ್ಯುಯಲ್ ಸೆಲ್ ಟೆಕ್ನೀಷಿಯನ್’ ಅಂದಾಗ ಎದೆಯುಬ್ಬಿಸಿಕೊಂಡು ಊರಿಗೆ ಬಂದೆ. ನಿಟ್ಟುವಳ್ಳಿಯ ನಮ್ಮ ಓಣಿಯಲ್ಲಿ ಎರಡು ದಿನ ಅದೇ ಮಾತು. ‘ನೀರಿನಿಂದ ಕರೆಂಟ್ ತೆಗೀತಾನಂತೆ’ ಅಂತ ಒಬ್ಬರು, ‘ಅಲ್ಲೋ, ಕರೆಂಟ್ ತೆಗೆದ್ರೆ ನೀರು ಬರ್ತೈತಂತೆ’ ಅಂತ ಇನ್ನೊಬ್ಬರು. ಇಬ್ಬರ ಮಾತೂ ಅಂಥ ತಪ್ಪೇನಲ್ಲ.

ಯಂತ್ರವನ್ನು ಇಟ್ಟದ್ದು ಹಳೇ ಊರಿನ ಕಡೆಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ. ಹತ್ತು ಹಾಸಿಗೆ, ಒಂದು ಆಪರೇಷನ್ ಕೋಣೆ, ಮೊದಲ ಮಹಡಿಯಲ್ಲಿ ಎಳೆಗೂಸುಗಳ ಕೋಣೆ. ಆ ಕೋಣೆಯಲ್ಲಿ ಎರಡು ವಾರ್ಮರುಗಳಿದ್ದವು. ತಿಂಗಳು ತುಂಬುವ ಮೊದಲೇ ಹುಟ್ಟಿದ, ತೂಕ ಕಡಿಮೆಯಿರುವ ಕೂಸುಗಳನ್ನು ಬೆಚ್ಚಗಿಡುವ ತೊಟ್ಟಿಲು ಅದು. ಲೈಟು, ಫ್ಯಾನಿಗೆ ಇನ್ವರ್ಟರ್ ಸಾಕು. ವಾರ್ಮರಿನ ಭಾರವನ್ನು ಅದು ಹೊರುವುದಿಲ್ಲ. ಕರೆಂಟು ಹೋದಾಗ ಅದುವರೆಗೆ ಆ ಭಾರ ಹೊರುತ್ತಿದ್ದದ್ದು ಹಿತ್ತಿಲ ಶೆಡ್ಡಿನಲ್ಲಿದ್ದ ಡೀಸೆಲ್ ಜನರೇಟರ್. ಅದರ ಹೊಟ್ಟೆಯೊಳಗಿನ ಒಂದೊಂದು ನಟ್ಟೂ ನನಗೆ ಪರಿಚಯ.

ಹೈಡ್ರೋಜನ್ ಸಿಲಿಂಡರುಗಳ ಪಂಜರಕ್ಕೆ ಸುತ್ತಲೂ ಇಷ್ಟು ಜಾಗ ಖಾಲಿ ಇರಬೇಕು ಅಂತ ನಿಯಮ. ಆ ಅಳತೆಗೆ ಒಗ್ಗುವ ಜಾಗ ಇಡೀ ಕಾಂಪೌಂಡಿನಲ್ಲಿ ಆ ಶೆಡ್ಡೊಂದೇ. ಆಸ್ಪತ್ರೆ ನಡೆಸುತ್ತಿದ್ದ ಡಾಕ್ಟರಮ್ಮ, ಟೇಪು ಹಿಡಿದು ನಿಂತಿದ್ದ ನನ್ನನ್ನು ಕೇಳಿದರು:

“ಹಳೇದನ್ನ ಏನ್ ಮಾಡಣ? ಎಲ್ಲರ ಒಂದ್ ಮೂಲೇಲಿ ಇಟ್ಕಳಣೇನು?”

“ಮಾರಿಬಿಡ್ರಿ ಮೇಡಂ. ಇನ್ನ ಅದರ ಹಂಗು ಇಲ್ಲ.”

ಈ ಮಾತನ್ನು ನಾನೇ ಆಡಿದ್ದು. ಯಾರೂ ನನ್ನ ಬಾಯಲ್ಲಿ ಆಡಿಸಲಿಲ್ಲ. ಭಾನುವಳ್ಳಿಯ ಶಾಮಿಯಾನದವರೊಬ್ಬರು ಟ್ರ್ಯಾಕ್ಟರ್ ತಂದು ಅದನ್ನು ಕೊಂಡೊಯ್ದರು. ಬಸವ ಜಯಂತಿ ಕಳೆದ ವಾರ ಹೊಸ ಯಂತ್ರ ಶುರುವಾಯಿತು. ಆರು ತಿಂಗಳ ಪ್ರಯೋಗ. ಕರೆಂಟು ಇರಲಿ ಬಿಡಲಿ, ದಿನಾ ಬೆಳಿಗ್ಗೆ ಆರರಿಂದ ಹತ್ತರವರೆಗೆ ಆಸ್ಪತ್ರೆಯ ಪೂರ್ತಿ ಭಾರವನ್ನು ಅದೇ ಹೊರಬೇಕು. ನಾನು ಅಳತೆ ಬರೆದು ಕಳಿಸಬೇಕು. ಉಳಿದ ಹೊತ್ತಿನಲ್ಲಿ ಕರೆಂಟು ಹೋದರೆ ತಾನೇ ಎದ್ದು ನಿಲ್ಲಬೇಕು.

ಕೆಲಸ ಮಾಡುವ ರೀತಿ ಸರಳ. ಒಂದು ಕಡೆಯಿಂದ ಹೈಡ್ರೋಜನ್ ಹೋಗುತ್ತದೆ, ಇನ್ನೊಂದು ಕಡೆಯಿಂದ ಬ್ಲೋವರ್ ಹೊರಗಿನ ಗಾಳಿಯನ್ನೇ ಎಳೆದು ಕೊಡುತ್ತದೆ. ನಡುವೆ ಹಪ್ಪಳಕ್ಕಿಂತ ತೆಳುವಾದ ಒಂದು ಹಾಳೆ, ಅದರ ಎರಡೂ ಮೈಗೆ ಬಳಿದ ಪ್ಲಾಟಿನಂ. ಅಲ್ಲಿ ಎರಡೂ ಕೂಡುತ್ತವೆ. ಕರೆಂಟು ಬರುತ್ತದೆ, ನೀರು ಬರುತ್ತದೆ. ಬೆಂಕಿ ಇಲ್ಲ, ಹೊಗೆ ಇಲ್ಲ. ಇಂಥ ಎಪ್ಪತ್ತು ಸೆಲ್ಲುಗಳನ್ನು ಒಂದರ ಮೇಲೊಂದು ಒತ್ತಿ ಬೋಲ್ಟು ಬಿಗಿದರೆ ಅದು ಸ್ಟ್ಯಾಕ್. ಪೂರ್ತಿ ಭಾರ ಹೊತ್ತಾಗ ನಮ್ಮ ಸ್ಟ್ಯಾಕ್ ನಲವತ್ತೆಂಟು ವೋಲ್ಟು ಕೊಡುತ್ತಿತ್ತು. ನಲವತ್ತಕ್ಕೆ ಇಳಿದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ಆರಿಹೋಗುತ್ತದೆ. ಈ ಎರಡು ಸಂಖ್ಯೆಗಳ ನಡುವೆ ನನ್ನ ಅಷ್ಟೂ ತಿಂಗಳು ಕಳೆದವು.

ಮೊದಲ ದಿನ ಅದರ ಪೈಪಿನಿಂದ ತೊಟ್ಟಿಕ್ಕಿದ ನೀರನ್ನು ಸ್ಟೀಲ್ ಲೋಟದಲ್ಲಿ ಹಿಡಿದು ಎಲ್ಲರೆದುರು ಕುಡಿದು ತೋರಿಸಿದೆ. ರುಚಿ ಏನೂ ಇರಲಿಲ್ಲ. ಹಿರಿಯ ನರ್ಸಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು. ಆದರೆ ಮಾರನೆಯ ದಿನದಿಂದ ಅವರೇ ಪೈಪಿನ ಕೆಳಗೆ ಒಂದು ಜಗ್ ಇಟ್ಟರು. ನಮ್ಮ ಕಡೆ ಬೋರಿನ ನೀರು ಗಡಸು, ಕತ್ತರಿ ಚಿಮಟ ಕುದಿಸುವ ಪಾತ್ರೆಗೆ ಬಿಳಿ ಪದರ ಕಟ್ಟುತ್ತದೆ. ಈ ನೀರಿಗೆ ಕಟ್ಟುತ್ತಿರಲಿಲ್ಲ. “ಅಣ್ಣ, ನಿನ್ ಮಿಷನ್ ಕರೆಂಟ್ ಕೊಡದಿದ್ರೂ ಚಿಂತಿಲ್ಲ, ನೀರು ಕೊಟ್ರೆ ಸಾಕು” ಅನ್ನುತ್ತಿದ್ದರು. ಆ ಒಂದು ತಿಂಗಳು ನನ್ನಷ್ಟು ಸುಖಿ ದಾವಣಗೆರೆಯಲ್ಲಿ ಯಾರೂ ಇರಲಿಲ್ಲ.

ಮುಂಗಾರು ಶುರುವಾಗಿ ಹದಿನೈದು ದಿನಕ್ಕೆ ವೋಲ್ಟು ನಲವತ್ತೇಳಕ್ಕೆ ಬಂತು. ಮೀಟರಿನ ತಪ್ಪೆಂದು ಬೇರೆ ಮೀಟರ್ ಹಚ್ಚಿದೆ. ಅದೂ ಅಷ್ಟನ್ನೇ ತೋರಿಸಿತು. ಇನ್ನೂ ಒಂದು ವಾರಕ್ಕೆ ನಲವತ್ತಾರೂವರೆ.

ಡೀಸೆಲ್ ಆಗಿದ್ದರೆ ಕಿವಿಗೊಟ್ಟು ಕೇಳುತ್ತಿದ್ದೆ. ಇದರ ಹತ್ತಿರ ಕಿವಿಯಿಟ್ಟರೆ ಬ್ಲೋವರಿನ ಸಣ್ಣ ಗುಂಯ್ ಬಿಟ್ಟು ಏನಿಲ್ಲ. ನನ್ನ ಅಷ್ಟು ವರ್ಷದ ವಿದ್ಯೆ ಅಲ್ಲಿ ಮೂರು ಕಾಸಿಗೆ ಬಾಳುತ್ತಿರಲಿಲ್ಲ. ಹಾಗಾಗಿ ತರಬೇತಿಯಲ್ಲಿ ಕೊಟ್ಟ ಪುಸ್ತಕ ತೆರೆದು ಮೊದಲಿನಿಂದ ಹೊರಟೆ. ಸೋಪಿನ ನೊರೆ ಮಾಡಿ ಪ್ರತಿ ಜೋಡಣೆಗೆ ಹಚ್ಚಿದೆ. ಒಂದು ಗುಳ್ಳೆಯೂ ಏಳಲಿಲ್ಲ, ಅಂದರೆ ಸೋರಿಕೆ ಇಲ್ಲ. ಒಳಗೆ ನೀರು ನಿಂತು ಗಾಳಿಯ ದಾರಿ ಕಟ್ಟಿಕೊಂಡಿರಬಹುದೆಂದು ಹಿಂದಿನದಕ್ಕಿಂತ ಹೆಚ್ಚು ಸಲ ಗಾಳಿ ಹೊಡೆದು ಒಳಗನ್ನು ತೊಳೆದೆ. ಹಾಳೆ ಒಣಗಿರಬಹುದೆಂದು ಮಾರನೆಯ ದಿನ ತೇವ ಹೆಚ್ಚಿಸಿದೆ. ಎರಡಕ್ಕೂ ವೋಲ್ಟು ಜಪ್ಪಯ್ಯ ಅನ್ನಲಿಲ್ಲ.

ಉಳಿದದ್ದು ಹೈಡ್ರೋಜನ್. ಅದು ಕೆಟ್ಟಿದ್ದರೆ? ಸಿಲಿಂಡರುಗಳು ಬರುತ್ತಿದ್ದದ್ದು ಹರಿಹರದ ಹೊರಗಿನ ಒಂದು ಗೋದಾಮಿನಿಂದ. ಬೈಕಿನಲ್ಲಿ ಹೋದೆ. ಗೋದಾಮಿನ ಯಜಮಾನರು ತಪಾಸಣೆಯ ಕಾಗದ ಮುಂದಿಟ್ಟು ಕುರ್ಚಿ ಎಳೆದರು.

“ಕೂಡ್ರಿ, ಚಾ ಕುಡೀರಿ. ನಮ್ ಗ್ಯಾಸ್‌ನಾಗೆ ಕಸ ಐತೆ ಅಂದ್ರೆ ನಾನ್ ಒಪ್ಪಲ್ಲ. ಆದ್ರೂ ನಿಮ್ ಸಮಾಧಾನಕ್ಕ ಬ್ಯಾರೆ ಲಾಟ್‌ದು ಕೊಡ್ತೀನಿ, ತಗಂಡ್ ಹೋಗಿ ನೋಡ್ರಿ.”

ಬೇರೆ ಲಾಟಿನದು ತಂದು ಹಾಕಿದೆ. ನಲವತ್ತೈದು. ಅವರ ಗ್ಯಾಸಿನಲ್ಲಿ ಕಸ ಇರಲಿಲ್ಲ.

ಕಂಪನಿಯ ಎಂಜಿನಿಯರ್ ಫೋನಿನಲ್ಲಿ ಮಾತಾಡುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ನಮ್ಮ ಯಂತ್ರವನ್ನು ಅವರು ನೋಡಿದ್ದು ಕಂಪ್ಯೂಟರಿನ ಗ್ರಾಫಿನ ಗೆರೆಗಳಲ್ಲಿ. “ಇದೇ ಮಾಡೆಲ್ ಬೇರೆ ಮೂರು ಕಡೆ ಸರಿಯಾಗಿ ಓಡ್ತಾ ಇದೆ. ನಿಮ್ಮಲ್ಲಿ ಮಾತ್ರ ಯಾಕೆ?” ಅಂದರು. “ಇಲ್ಲಿ ಏನೋ ಬೇರೆ ಇದೆ ಸರ್” ಅಂದೆ. ಆ ಕಡೆಯಿಂದ ಸಣ್ಣ ನಗು ಬಂತು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬೇಜಾರು ಮಾಡ್ಕೋಬೇಡಿ, ಇನ್ನೊಂದ್ಸಲ ಮೊದಲಿಂದ ಚೆಕ್ ಮಾಡಿ.” ಬೇಜಾರಾಯಿತು. ಆದರೂ ಇನ್ನೊಂದು ಸಲ ಮೊದಲಿಂದ ಪರೀಕ್ಷೆ ಮಾಡಿದೆ.

ಒಂದು ವಿಷಯ ಮಾತ್ರ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ಇಳಿಯುತ್ತಲೇ ಬಂದ ಅಳತೆಗಳ ನಡುವೆ ಮೂರು ದಿನ ವೋಲ್ಟು ಏರಿತ್ತು. ಬಹಳ ಅಲ್ಲ, ಅರ್ಧ, ಮುಕ್ಕಾಲು, ಒಂದು. ಮಾರನೆಯ ದಿನ ಮತ್ತೆ ಇಳಿತ. ಆ ಮೂರು ದಿನ ನಾನು ವಿಶೇಷವಾಗಿ ಏನೂ ಮಾಡಿರಲಿಲ್ಲ. ಸಿಲಿಂಡರ್ ಬದಲಿಸಿರಲಿಲ್ಲ, ಬೋಲ್ಟು ಮುಟ್ಟಿರಲಿಲ್ಲ.

ಬೆನಕನ ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆ ನರ್ಸಮ್ಮನ ಮೇಜಿನ ಹತ್ತಿರ ನಿಂತು ಚಹಾ ಕುಡಿಯುತ್ತಿದ್ದೆ. ಗೋಡೆಯ ಮೇಲೆ ತಿಂಗಳ ಕ್ಯಾಲೆಂಡರ್. ಅದರಲ್ಲಿ ಕೆಂಪು ಪೆನ್ನಿನಿಂದ ಹಾಕಿದ ಒಂದು ಸೊನ್ನೆ. ಹಿಂದಿನ ದಿನ ನನ್ನ ವೋಲ್ಟು ಏರಿದ್ದ ತಾರೀಖು ಅದೇ. ಕೈ ತಾನಾಗಿ ಹಿಂದಿನ ಹಾಳೆ ತಿರುವಿತು. ನಾಗರ ಅಮಾವಾಸ್ಯೆ, ಅಲ್ಲೂ ಸೊನ್ನೆ. ಅದರ ಹಿಂದೆ ಮಣ್ಣೆತ್ತಿನ ಅಮಾವಾಸ್ಯೆ. ಮೂರೂ ನನ್ನ ಮೂರು ದಿನಗಳು.

“ಇವ್ಯಾಕ ಗುರುತು ಹಾಕೀರಿ ನರ್ಸಮ್ಮ?”

“ಅಮಾಸಿ ದಿನ ಆಪರೇಷನ್ ಬ್ಯಾಡ ಅಂತಾರಲ್ಲಣ್ಣ ಮನಿಯೋರು. ಮೊದ್ಲೇ ನೋಡ್ಕಂಡು ಡೇಟ್ ಕೊಡಾಕ.”

“ಅಮಾಸಿ ದಿನ ಇಲ್ಲಿ ಇನ್ನೇನ್ ನಿಂತಿರತ್ತೆ? ಏನರ ಬಂದ್ ಆಗ್ತೈತೇನು?”

ಅವರು ನನ್ನನ್ನು ಯಾವ ಊರಿನವನೋ ಅನ್ನುವ ಹಾಗೆ ನೋಡಿದರು. “ಭಟ್ಟಿ ನಿಲ್ತಾವಲ್ಲಣ್ಣ. ಅವತ್ತು ಒಲಿ ಹಚ್ಚಲ್ಲ, ಪೂಜಿ ಮಾಡ್ತಾರೆ. ಮಕ್ಳ ಬಟ್ಟಿ ನಾವು ಅವತ್ತೇ ಒಗದು ಮಾಳಿಗಿ ಮ್ಯಾಲೆ ಒಣಗ್ಸಾದು. ಬ್ಯಾರೆ ದಿನ ಹಾಕಿದ್ರೆ ಕರಿ ಬೀಳ್ತೈತೆ.”

ಚಹಾ ಅಲ್ಲೇ ಇಟ್ಟು ಮಾಳಿಗೆ ಹತ್ತಿದೆ. ಆಸ್ಪತ್ರೆಯ ಹಿಂದೆ, ಪಡುವಣಕ್ಕೆ, ಮಂಡಕ್ಕಿ ಭಟ್ಟಿಗಳ ಒಂದು ಓಣಿ. ಐದು ಭಟ್ಟಿ, ಐದು ಗಿಡ್ಡ ಚಿಮಣಿ. ಕಪ್ಪು ಹೊಗೆ ಏಳಲಾರದೆ ಎದ್ದು, ಮುಂಗಾರಿನ ಪಡುವಣ ಗಾಳಿಗೆ ಬಾಗಿ, ನೆಟ್ಟಗೆ ನಮ್ಮ ಕಡೆ ಬರುತ್ತಿತ್ತು. ಬೇಸಿಗೆಯಲ್ಲಿ ಗಾಳಿ ಬೇರೆ ದಿಕ್ಕಿನದು. ಹಾಗಾಗಿ ಮೊದಲ ತಿಂಗಳು ಯಂತ್ರ ಚೆನ್ನಾಗಿತ್ತು. ಮೂಗು ಎತ್ತಿ ಉಸಿರು ಎಳೆದೆ. ಸುಟ್ಟ ರಬ್ಬರಿನ ವಾಸನೆ. ಟೈರು. ಟೈರಿನಲ್ಲಿ ಗಂಧಕ ಇರುತ್ತದೆ, ಗಂಧಕದ ಹೊಗೆ ಪ್ಲಾಟಿನಂಗೆ ವಿಷ ಅನ್ನುವುದು ತರಬೇತಿಯ ಪುಸ್ತಕದಲ್ಲಿ ಒಂದು ಸಾಲಿನಲ್ಲಿತ್ತು. ಹಿಂದಿನ ದಿನ ಶುದ್ಧ ಗಾಳಿ ಸಿಕ್ಕಿ ಆ ವಿಷ ಒಂದಿಷ್ಟು ತೊಳೆದುಹೋಗಿತ್ತು, ಅಷ್ಟೇ. ಹುಟ್ಟಿದಾಗಿನಿಂದ ಇದೇ ಗಾಳಿ ಕುಡಿದ ಮೂಗು ನನ್ನದು, ಅದಕ್ಕೆ ಅದು ವಾಸನೆ ಅನ್ನಿಸಿಯೇ ಇರಲಿಲ್ಲ. ಬಟ್ಟೆ ಒಗೆಯುವವರಿಗೆ ಗೊತ್ತಿದ್ದದ್ದು ನನಗೆ ಗೊತ್ತಾಗಲು ಮೂರು ಅಮಾವಾಸ್ಯೆ ಬೇಕಾಯಿತು.

ನೆಲ ನಿಜವಾಗಿಯೂ ಡೊಂಕಾಗಿತ್ತು. ಖುಷಿಯಾಗಬೇಕಿತ್ತು, ಆಗಲಿಲ್ಲ.

ಅವತ್ತೇ ಭಟ್ಟಿಗೆ ಹೋದೆ. ನಮ್ಮ ಕಾಂಪೌಂಡಿಗೆ ಅಂಟಿಕೊಂಡ ಮೊದಲ ಭಟ್ಟಿಯನ್ನು ನಡೆಸುತ್ತಿದ್ದದ್ದು ಅರವತ್ತು ದಾಟಿದ ಒಬ್ಬ ತಾಯಿ. ಬಾಣಲೆಯಲ್ಲಿ ಮರಳು ಕೆಂಪಗೆ ಕಾದಿತ್ತು. ಮಗ ಅಕ್ಕಿ ಸುರಿದು ಎರಡು ಸಲ ಕೈ ಆಡಿಸುವುದರೊಳಗೆ ಅದು ಅರಳಿ ಬಿಳಿ ರಾಶಿಯಾಗುತ್ತಿತ್ತು. ಒಲೆಯ ಬಾಯಿಯ ಪಕ್ಕದಲ್ಲಿ ಕತ್ತರಿಸಿದ ಟೈರಿನ ತುಂಡುಗಳ ಗುಡ್ಡೆ. ಅಮ್ಮ ನನಗೊಂದು ಮಣೆ ಕೊಟ್ಟರು, ಕಾಗದದಲ್ಲಿ ಬಿಸಿ ಮಂಡಕ್ಕಿ ಕೊಟ್ಟರು. ನಾನು ಬಂದ ಕೆಲಸ ಹೇಳಿದೆ. ಅವರು ಸಿಟ್ಟಾಗಲಿಲ್ಲ.

“ನಾವೇನ್ ಹೌಸಿಗೆ ಟೈರ್ ಸುಡ್ತೀವೇನಪ್ಪ? ಮೊದ್ಲು ಭತ್ತದ ಹೊಟ್ಟು ಸುಡ್ತಿದ್ವಿ. ಮಿಲ್ಲಿನೋರು ಕರದು ಕೊಡ್ತಿದ್ರು. ಈಗ ಹೊಟ್ಟೆಲ್ಲ ದೊಡ್ಡ ದೊಡ್ಡ ಫ್ಯಾಕ್ಟ್ರಿ ಬಾಯ್ಲರಿಗೆ ಹೋಗ್ತೈತೆ. ಕಲ್ಲಿದ್ದಲು ಬಿಟ್ಟು ಹೊಟ್ಟು ಉರಿಸ್ಬೇಕಂತೆ, ಅದು ಹಸಿರಂತೆ. ಲಾರಿ ಲಾರಿ ತುಂಬ್ಕಂಡ್ ಹೋಗ್ತಾರೆ. ನಮಿಗೆ ಉಳ್ದಿದ್ದು ಇದು.”

ಟೈರಿನ ತುಂಡೊಂದನ್ನು ಕಾಲಿಂದ ತಳ್ಳಿದರು. ನಾನು ಮಂಡಕ್ಕಿ ತಿನ್ನುತ್ತಾ ಕೂತೆ. ಹಸಿರಿನ ಕಡೆಯವನೇ ಅಲ್ಲವೇ ನಾನೂ. ಹೊರಡುವಾಗ ಅವರೇ ಹೇಳಿದರು: “ನಮ್ ಸೊಸಿನೂ ನಿಮ್ ದವಾಖಾನಿಗೇ ತೋರ್ಸಾದು. ಏಳು ತುಂಬೇತೆ. ಡಾಕ್ಟ್ರಮ್ಮಂಗೆ ನಮಸ್ಕಾರ ಹೇಳು.”

ಗಾಳಿಯನ್ನು ಬದಲಿಸಲು ಆಗದಿದ್ದರೆ ಸೋಸಬೇಕು. ಕಂಪನಿಗೆ ಹೊಗೆಯ ಫೋಟೋ, ಅಮಾವಾಸ್ಯೆಯ ಅಳತೆ ಎರಡನ್ನೂ ಕಳಿಸಿದೆ. ಈ ಸಲ ಎಂಜಿನಿಯರ್ ನಗಲಿಲ್ಲ. ಗಂಧಕ ಹಿಡಿಯುವ ಫಿಲ್ಟರ್ ಹೊರದೇಶದಿಂದ ಬರಬೇಕು, ಹತ್ತು ವಾರ ಹಿಡಿಯುತ್ತದೆ ಅಂದರು. ಇಂಥ ಹೊಗೆಗೆ ಅದು ಎಷ್ಟು ದಿನ ಬಾಳುತ್ತದೆ ಅಂತ ಕೇಳಿದೆ. “ಹೇಳಕ್ಕಾಗಲ್ಲ” ಅಂದರು.

ಹತ್ತು ವಾರ ಸುಮ್ಮನಿರುವ ಜಾಯಮಾನ ನನ್ನದಲ್ಲ. ಕುಡಿಯುವ ನೀರಿನ ಫಿಲ್ಟರ್ ಮಾರುವ ಅಂಗಡಿಯಿಂದ ಇದ್ದಲಿನ ಹರಳು ತಂದೆ. ಅಕ್ಕಿ ತುಂಬುವ ಸ್ಟೀಲ್ ಡಬ್ಬಿಯ ತಳಕ್ಕೆ ತೂತು ಕೊರೆದು, ಜಾಲರಿ ಹಾಸಿ, ಇದ್ದಲು ತುಂಬಿ ಬ್ಲೋವರಿನ ಬಾಯಿಗೆ ಕಟ್ಟಿದೆ. ಮೊದಲ ದಿನ ವೋಲ್ಟು ಕಾಲು ಏರಿತು. ಮೂರನೆಯ ದಿನಕ್ಕೆ ಬ್ಲೋವರ್ ಮೈ ಮುಟ್ಟಲಾಗದಷ್ಟು ಬಿಸಿ. ಇದ್ದಲಿನ ಪುಡಿ, ಮಳೆಗಾಲದ ತೇವ ಸೇರಿ ಡಬ್ಬಿ ಕಟ್ಟಿಕೊಂಡು, ಗಾಳಿಯೇ ಸಾಲದೆ ವೋಲ್ಟು ನಲವತ್ತೆರಡಕ್ಕೆ ಬಿದ್ದಿತ್ತು. ಹಗುರ ತುಂಬಿದರೆ ವಿಷ ನುಗ್ಗುತ್ತದೆ, ದಟ್ಟ ತುಂಬಿದರೆ ಉಸಿರು ಕಟ್ಟುತ್ತದೆ. ನಾಲ್ಕು ಸಲ ತುಂಬಿ ನಾಲ್ಕು ಸಲ ಬಿಚ್ಚಿದೆ. ಕೊನೆಗೆ ಡಬ್ಬಿಯನ್ನು ಮನೆಗೆ ಒಯ್ದೆ. ಹೆಂಡತಿ ಅದರ ತಳದ ತೂತು ನೋಡಿ ನಾಲ್ಕು ದಿನ ಮಾತಾಡಲಿಲ್ಲ.

ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಲೇಬೇಕಿತ್ತು. ಅವರ ಕೋಣೆಯಲ್ಲಿ ನಿಂತು, ಹೊಗೆ, ಗಂಧಕ, ಫಿಲ್ಟರ್ ಎಲ್ಲ ವಿವರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಂದ್ರ ಈ ಗಾಳಿ ಕುಡದು ನಿಮ್ ಮಿಷನ್ನು ಮೂರ್ ತಿಂಗ್ಳಿಗೆ ಸುಸ್ತಾತು.”

“ಹೌದ್ರಿ ಮೇಡಂ.”

“ಅದಕ್ಕ ಫಿಲ್ಟರ್ ಬೇಕು.”

“ಹೌದ್ರಿ.”

“ನನ್ ಕೂಸುಗಳಿಗೇನ್ ಹಾಕ್ಲಿ, ಹೇಳ್ರಿ.”

ಅವರು ನನ್ನನ್ನು ಬೈಯುತ್ತಿರಲಿಲ್ಲ. ನಿಜವಾಗಿ ಕೇಳುತ್ತಿದ್ದರು. ಎಷ್ಟೋ ಅರ್ಜಿ ಬರೆದಾಗಿದೆ, ಯಾರೋ ಬಂದು ನೋಡಿ ಹೋಗುತ್ತಾರೆ, ಭಟ್ಟಿಯವರು ಎರಡು ದಿನ ಕಟ್ಟಿಗೆ ಉರಿಸುತ್ತಾರೆ ಅಂದರು. ಭಟ್ಟಿ ಮುಚ್ಚಿಸಿದರೆ ಆ ಐದು ಮನೆಯ ಬಸುರಿಯರು ತಮ್ಮ ಹತ್ತಿರ ಯಾವ ಮುಖ ಹೊತ್ತು ಬರುತ್ತಾರೆ ಅಂತಲೂ ಅಂದರು. ನಾನು ಮೆಲ್ಲಗೆ ಹೊರಗೆ ಬಂದೆ.

ಗಣೇಶನ ಹಬ್ಬ ಕಳೆದು ಹತ್ತು ದಿನಕ್ಕೆ ಭಟ್ಟಿ ಅಮ್ಮನ ಸೊಸೆಗೆ ಹೆರಿಗೆಯಾಯಿತು, ತಿಂಗಳು ತುಂಬುವ ಮೊದಲೇ. ಹೆಣ್ಣು ಕೂಸು, ಒಂದೂವರೆ ಕಿಲೋ. ವಾರ್ಮರಿನಲ್ಲಿ ಮಲಗಿಸಿದ್ದರು. ಮೂರನೆಯ ಬೆಳಿಗ್ಗೆ ಮಳೆ ಹಿಡಿದಿತ್ತು, ಹೊಗೆ ನೆಲ ಬಿಟ್ಟು ಏಳುತ್ತಿರಲಿಲ್ಲ. ಒಂಬತ್ತರ ಹೊತ್ತಿಗೆ ಊರಿನ ಕರೆಂಟು ಹೋಯಿತು. ಯಂತ್ರ ಮೊದಲೇ ಭಾರ ಹೊತ್ತು ನಿಂತಿತ್ತು. ನಲವತ್ತೊಂದರಲ್ಲಿತ್ತು. ಅದೇ ಗಳಿಗೆಯಲ್ಲಿ ಯಾರೋ ಕೆಳಗೆ ಕತ್ತರಿ ಕುದಿಸುವ ಕರೆಂಟಿನ ಪಾತ್ರೆ ಹಚ್ಚಿದರು. ನಾನು ಮೀಟರ್ ನೋಡುತ್ತಿದ್ದೆ. ನಲವತ್ತೂವರೆ. ನಲವತ್ತು. ಬ್ಲೋವರಿನ ಗುಂಯ್ ನಿಂತುಹೋಯಿತು.

ಮತ್ತೆ ಎಬ್ಬಿಸಬೇಕಾದರೆ ಅದಕ್ಕೊಂದು ಕ್ರಮವಿದೆ. ಒಳಗಿನ ಹೈಡ್ರೋಜನ್ ಹೊರಹಾಕಿ, ಹೊಸದು ತುಂಬಿ, ಒತ್ತಡ ನೋಡಿ, ಒಂದೊಂದೇ ಹೆಜ್ಜೆ. ಅವಸರ ಮಾಡಿದರೆ ಅದು ಕೇಳುವುದಿಲ್ಲ. ಡೀಸೆಲ್ ಆಗಿದ್ದರೆ ಒದ್ದಾದರೂ ಎಬ್ಬಿಸುತ್ತಿದ್ದೆ. ಒಂದು ಸಲ ಎದ್ದು ಭಾರ ಬಿದ್ದ ಕೂಡಲೇ ಮತ್ತೆ ಆರಿತು. ಎರಡನೆಯ ಸಲ ಅಷ್ಟೂ ಇಲ್ಲ. ಮೇಲೆ ಓಡಿದೆ.

ನರ್ಸಮ್ಮ ಆಗಲೇ ಕೂಸನ್ನು ವಾರ್ಮರಿನಿಂದ ಎತ್ತಿ, ತಾಯಿಯ ಬರಿ ಎದೆಗೆ ಒತ್ತಿಟ್ಟು, ಮೇಲೆ ಕಂಬಳಿ ಸುತ್ತಿದ್ದರು. ಕೂಸು ತಾಯಿಯ ಮೈ ಶಾಖದಲ್ಲಿ ಉಸಿರಾಡುತ್ತಿತ್ತು. ತಾಯಿ ಅಲುಗಾಡದೆ ಛತ್ತು ನೋಡುತ್ತಿದ್ದಳು. ಬಾಗಿಲಲ್ಲಿ ಭಟ್ಟಿ ಅಮ್ಮ ಗೋಡೆ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಕೇಳಿದರು:

“ಯಾಕಪ್ಪ, ಸದ್ದೇ ಇಲ್ಲ?”

ಹಿಂದೆ ಕರೆಂಟು ಹೋದರೆ ಹಿತ್ತಿಲ ಜನರೇಟರ್ ಗುಡುಗುತ್ತಿತ್ತು, ಅವರ ಭಟ್ಟಿಗೂ ಕೇಳುತ್ತಿತ್ತು. ಈಗ ಅವರು ಆ ಸದ್ದಿಗೆ ಕಾಯುತ್ತಿದ್ದರು. ಇಲ್ಲಿ ಸದ್ದು ಮಾಡುವ ಯಂತ್ರವೇ ಇಲ್ಲ, ಅದನ್ನು ಮಾರಿಸಿದವನು ನಾನು, ಸದ್ದು ಮಾಡದ ಯಂತ್ರವೂ ಸತ್ತಿದೆ, ಯಾಕೆ ಸತ್ತಿತು ಅನ್ನುವುದು ನಿಮಗೂ ಗೊತ್ತು. ಇದರಲ್ಲಿ ಯಾವುದನ್ನು ಹೇಳಲಿ? “ಬರ್ತೈತಮ್ಮ” ಅಂದೆ. ಸುಳ್ಳು. ಕರೆಂಟು ಬಂದದ್ದು ನಲವತ್ತು ನಿಮಿಷದ ಮೇಲೆ, ಅದೂ ಊರಿನದು.

ಕೂಸು ಉಳಿಯಿತು. ಉಳಿಸಿದ್ದು ತಾಯಿಯ ಎದೆ, ನರ್ಸಮ್ಮನ ಬುದ್ಧಿ.

ಮಾರನೆಯ ದಿನ ಮೊದಲ ಚಿಮಣಿಯ ಹೊಗೆ ಬಿಳಿಯಾಗಿತ್ತು. ಅಮ್ಮ ಎಲ್ಲಿಂದಲೋ ಹೊಟ್ಟು ಹೊಂದಿಸಿಕೊಂಡು ಉರಿಸುತ್ತಿದ್ದರು. ನಾನು ಕೇಳಿರಲಿಲ್ಲ. ವೋಲ್ಟು ಕಾಲು ಏರಿತು, ಅಷ್ಟೇ. ಉಳಿದ ನಾಲ್ಕು ಚಿಮಣಿ ಕಪ್ಪಾಗಿಯೇ ಇದ್ದವು. ಆರನೆಯ ದಿನ ಆ ಚಿಮಣಿಯೂ ಕಪ್ಪಾಯಿತು. ದಾರಿಯಲ್ಲಿ ಸಿಕ್ಕಾಗ ಅಮ್ಮನೇ ತಲೆ ತಗ್ಗಿಸಿದರು. “ಹೊಟ್ಟು ಮುಗೀತಪ್ಪ. ನಾನೊಬ್ಬಾಕಿ ನಿಲ್ಸಿದ್ರೆ ಹೊಗಿ ನಿಲ್ಲತ್ತೇನು?” ಅವರು ನನ್ನೆದುರು ತಲೆ ತಗ್ಗಿಸಬೇಕಾದ ಕಾರಣ ಏನೂ ಇರಲಿಲ್ಲ.

ಕಂಪನಿಯ ಫೋನು ಬಂತು. ಪ್ರಯೋಗ ಮುಗಿಯಲು ಇನ್ನು ಐದು ವಾರ. ವಾರ್ಮರು ಮತ್ತು ಆಪರೇಷನ್ ಕೋಣೆಯ ಭಾರ ತೆಗೆದುಬಿಡಿ, ಕಂಪ್ಯೂಟರು, ಔಷಧದ ಫ್ರಿಜ್ಜು ಮಾತ್ರ ಹಾಕಿ, ವೋಲ್ಟು ನಲವತ್ತೈದರಲ್ಲಿ ನಿಲ್ಲುತ್ತದೆ, ಆರು ತಿಂಗಳು ಓಡಿತು ಅಂತ ವರದಿ ಮುಗಿಸೋಣ ಅಂದರು. “ಸುಳ್ಳೇನಲ್ಲವಲ್ಲ, ಓಡ್ತಾನೇ ಇರತ್ತೆ” ಅಂದರು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಆದರೆ ಯಂತ್ರ ಇರುವವರೆಗೆ ಶೆಡ್ಡು ಅದರದು, ಕರೆಂಟು ಹೋದರೆ ವಾರ್ಮರಿಗೆ ಏನೂ ಇಲ್ಲ. ನನ್ನ ಮಾತಿಗೆ ಜನರೇಟರ್ ಮಾರಿದ ಡಾಕ್ಟರಮ್ಮ ಐದು ವಾರ ಮಳೆ, ಕರೆಂಟು ನೋಡಿಕೊಂಡು ಕೂರಬೇಕು.

ಒಂದು ದಿನ ಯೋಚಿಸಿದೆ. ಮರುದಿನ ಬೆಳಿಗ್ಗೆ ಆರಕ್ಕೆ ಯಂತ್ರ ಹಚ್ಚಲಿಲ್ಲ. ಸಿಲಿಂಡರುಗಳ ವಾಲ್ವುಗಳನ್ನು ಒಂದೊಂದಾಗಿ ಮುಚ್ಚಿದೆ, ಪೈಪಿನಲ್ಲಿದ್ದ ಹೈಡ್ರೋಜನ್ನನ್ನು ಮೇಲಕ್ಕೆ ಬಿಟ್ಟೆ, ಪಂಜರಕ್ಕೆ ಬೀಗ ಹಾಕಿದೆ. ನೋಟ್‌ಬುಕ್ಕಿನಲ್ಲಿ ಬರೆದೆ: ‘ಇಲ್ಲಿನ ಗಾಳಿಗೆ ಈ ಯಂತ್ರ ಬಾಳುವುದಿಲ್ಲ. ಕೂಸುಗಳ ಭಾರ ಇದರ ಮೇಲೆ ಹಾಕಬಾರದು. ನಿಲ್ಲಿಸಿದ್ದೇನೆ.’ ಸಹಿ ಮಾಡಿ ಫೋಟೋ ಕಳಿಸಿದೆ. ಫೋನ್ ಜೇಬಿನಲ್ಲಿ ಗುಂಯ್‌ಗುಡುತ್ತಲೇ ಇತ್ತು. ತೆಗೆಯದೆ ಭಾನುವಳ್ಳಿಗೆ ಬೈಕು ಹತ್ತಿದೆ.

ಶಾಮಿಯಾನದವರ ಮನೆಯ ಮುಂದೆ, ತಗಡಿನ ಕೆಳಗೆ ನಮ್ಮ ಹಳೇ ಜನರೇಟರ್ ನಿಂತಿತ್ತು. ಮೈಮೇಲೆ ಯಾವುದೋ ಮದುವೆಯ ಬಣ್ಣದ ಕಾಗದ ಇನ್ನೂ ಅಂಟಿಕೊಂಡಿತ್ತು. ನಡೆದದ್ದನ್ನೆಲ್ಲ ಹೇಳಿದೆ. ಕೂಸಿನ ವಿಷಯ ಬಂದಾಗ ಅವರು ಬೀಡಿ ಆರಿಸಿದರು.

“ಮಾರಿದ್ ವಸ್ತು ವಾಪಸ್ ಕೇಳಾಕ ಬಂದೋನು ನೀನೊಬ್ನೇ ನೋಡಪ್ಪ. ತಗಂಡ್ ಹೋಗು. ದೀಪಾವಳಿ ಕಳದ್ರೆ ಮದಿವಿ ಶುರು ಆಗ್ತಾವೆ, ಅವಾಗ ನನಿಗೆ ಬೇಕೇ ಬೇಕು. ಅಲ್ಲೀತನ ಇಟ್ಕ.”

ದೀಪಾವಳಿ ಆದ ಮೇಲೆ ಏನು ಅನ್ನುವುದು ಅವರಿಗೂ ಗೊತ್ತಿರಲಿಲ್ಲ, ನನಗೂ.

ಟ್ರ್ಯಾಕ್ಟರಿನಲ್ಲಿ ತಂದದ್ದೇನೋ ಆಯಿತು, ಇಡುವುದೆಲ್ಲಿ? ಶೆಡ್ಡಿನಲ್ಲಿ ಸತ್ತ ಯಂತ್ರ. ಕಂಪನಿಯವರು ಕಾಗದ ಪತ್ರ ಮುಗಿಸಿ ಲಾರಿ ಕಳಿಸುವವರೆಗೆ ಅದನ್ನು ಮುಟ್ಟುವ ಹಾಗಿಲ್ಲ. ಸಿಲಿಂಡರುಗಳ ಹತ್ತಿರ ಡೀಸೆಲ್ ಎಂಜಿನ್ ಇಡುವ ಹಾಗಿಲ್ಲ. ಟೇಪು ಹಿಡಿದು ಇಡೀ ಕಾಂಪೌಂಡು ಮತ್ತೆ ಅಳೆದೆ. ಉಳಿದದ್ದು ಒಂದೇ ಜಾಗ, ಮೂಡಣ ಗೋಡೆಯ ಪಕ್ಕ, ಎಳೆಗೂಸುಗಳ ಕೋಣೆಯ ಕಿಟಕಿಯ ನೇರ ಕೆಳಗೆ. ಹೊಗೆಕೊಳವೆಗೆ ಹತ್ತಡಿ ಪೈಪು ಜೋಡಿಸಿ ಆದಷ್ಟು ಆಚೆ ತಿರುಗಿಸಿದೆ. ಆದಷ್ಟು.

ಎರಡು ದಿನದ ಮೇಲೆ ಬೆಳಿಗ್ಗೆ ಕರೆಂಟು ಹೋಯಿತು. ಭಟ್ಟಿ ಅಮ್ಮ ಸೊಸೆ, ಮೊಮ್ಮಗಳನ್ನು ಮನೆಗೆ ಕರೆದೊಯ್ಯಲು ಬಂದು ಕೆಳಗಿನ ಬೆಂಚಿನ ಮೇಲೆ ಕೂತಿದ್ದರು. ಕೂಸು ಎರಡು ಕಿಲೋ ಮುಟ್ಟಿತ್ತು. ಮೇಲೆ ವಾರ್ಮರಿನಲ್ಲಿ ಆಗಲೇ ಬೇರೆ ಯಾರದೋ ಕೂಸು. ನಾನು ಕೀ ತಿರುಗಿಸಿದೆ. ಎಂಜಿನ್ ಒಮ್ಮೆ ಕೆಮ್ಮಿತು, ಎರಡು ಸಲ ಗೊಣಗಿತು, ಹಿಡಿದುಕೊಂಡಿತು. ಎರಡನೆಯ ಸಿಲಿಂಡರಿನ ನಾಜಲ್ ಸ್ವಲ್ಪ ಕಟ್ಟಿದೆ ಅಂತ ಕಿವಿಗೆ ಕೂಡಲೇ ತಿಳಿಯಿತು. ಮೇಲೆ ವಾರ್ಮರಿನ ದೀಪ ಹತ್ತಿತು. ಕೈ ಎಂಜಿನ್ನಿನ ಮೈಮೇಲಿತ್ತು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

“ಈಗ ಸದ್ದು ಬಂತು ನೋಡು” ಅಂದರು ಅಮ್ಮ, ಎಂಜಿನ್ ಸದ್ದಿನ ಮೇಲೆ ಕೂಗಿ. “ಜೀವಕ್ಕ ಧೈರ್ಯ ಆತು.”

ಶೆಡ್ಡಿನ ಪೈಪಿನ ಕೆಳಗೆ ನರ್ಸಮ್ಮನ ಜಗ್ ಖಾಲಿ ಕೂತಿತ್ತು. ಎಂಜಿನ್ ಮೊದಲ ಕಪ್ಪು ಹೊಗೆ ಉಗುಳಿತು. ಗಾಳಿ ಪಡುವಣದಿಂದಲೇ ಬೀಸುತ್ತಿತ್ತು. ಭಟ್ಟಿಗಳ ಹೊಗೆ ಮಾಳಿಗೆ ದಾಟಿ ಬಂದು, ಗೋಡೆಯ ಮರೆಯಲ್ಲಿ ಸುತ್ತಿಕೊಂಡು, ನಮ್ಮದರ ಜೊತೆ ಕೂಡಿತು. ತಲೆ ಎತ್ತಿ ನೋಡಿದೆ. ನರ್ಸಮ್ಮ ಕೂಸುಗಳ ಕೋಣೆಯ ಕಿಟಕಿಗೆ ಬಂದರು. ನನ್ನ ಕಡೆ ನೋಡಲಿಲ್ಲ. ಒಂದು ಕದ ಮುಚ್ಚಿದರು, ಆಮೇಲೆ ಇನ್ನೊಂದು.